ಒಣ ಕತ್ತಿ, ತುಂಬಿದ ಮಡಕೆ

“ಒಂಟೆ ಎಲ್ಲಿ?” ಬೆಲ್ಜಿಯಂನ ಮುದುಕ ಮತ್ತೆ ಕೇಳಿದ.

“ಬರುತ್ತೆ ಮುಸ್ಯೂ, ಮುಂದೆ ಬರುತ್ತೆ,” ಅಂದೆ.

ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಬೆಟ್ಟದ ಊರುಗಳಲ್ಲಿ ಒಂಟೆ ಸಾಕುವವರು ಯಾರೂ ಇಲ್ಲ. ಆದರೆ ಅಷ್ಟು ದೂರದಿಂದ ಮರುಭೂಮಿ ನೋಡಲು ಬಂದವನಿಗೆ ಒಂಟೆ ಇಲ್ಲ ಎಂದು ಹೇಳಿ, ಆಮೇಲೆ ಅವನ ಸಪ್ಪೆ ಮುಖ ನೋಡುತ್ತಾ ಗಾಡಿ ಓಡಿಸುವ ತ್ರಾಣ ನನಗಿರಲಿಲ್ಲ.

ಶೆಬಿಕಾದ ಝರಿ ಮುಗಿದಿತ್ತು. ತಮೆರ್ಝಾದ ಪಾಳು ಊರು ಮುಗಿದಿತ್ತು. ಪ್ರತಿ ಕಡೆಯೂ ಜೀಪು ನಿಲ್ಲಿಸಿ, ಅದೇ ನಾಲ್ಕು ಮಾತು ಹೇಳಿ, ಅದೇ ನಗು ನಕ್ಕು, ಮತ್ತೆ ಜೀಪು ಹತ್ತಿದ್ದೆ. ಪೊಲೀಸ್ ಕೆಲಸದಿಂದ ನಿವೃತ್ತನಾದರೆ ಆರಾಮಾಗಿರಬಹುದು ಎಂದುಕೊಂಡಿದ್ದವನು ನಾನು. ಈಗ ತೊಝರ್‌ನಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವ ಈ ಪ್ರವಾಸಕ್ಕೆ ಡ್ರೈವರ್ ನಾನೇ, ಗೈಡ್ ನಾನೇ, ಮುದುಕರ ಟೋಪಿ ಕಳೆದರೆ ಹುಡುಕಿಕೊಡುವ ಆಯಾ ಕೂಡ ನಾನೇ. ಕಳ್ಳರ ಹಿಂದೆ ಓಡುವಾಗಲೂ ಇಷ್ಟು ಸುಸ್ತಾಗುತ್ತಿರಲಿಲ್ಲ.

ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ, ಮುದುಕ ಮುದುಕಿಯ ಪಕ್ಕದಲ್ಲಿ, ಸಾಲಿಹಾ ಹುಲ್ಲಿನ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದಳು. ನೋಡುವವರಿಗೆ ಅವಳೂ ಒಬ್ಬ ಪ್ರವಾಸಿ. ನಿಜವಾಗಿ ಅವಳು ಸ್ಫಾಕ್ಸ್‌ನ ಹೊಲಿಗೆ ಕಾರ್ಖಾನೆಯವಳು, ತನ್ನ ಊರಿನ ಹಳೆಯ ಪೊಲೀಸ್ ಎಂದು ಕಳೆದ ವಾರ ನನ್ನನ್ನು ಹುಡುಕಿಕೊಂಡು ಬಂದವಳು. ಸೋದರಮಾವ ಖಮೈಸನ ತಲೆ ಒಡೆದು ಕೊಂದ ಎಂಬ ಆರೋಪದ ಮೇಲೆ ಗಫ್ಸಾದ ಲಾಕಪ್ಪಿನಲ್ಲಿ ಕೂತಿರುವ ನೂರಿ ಅವಳ ತಮ್ಮ. ನಾಳೆ ಬೆಳಿಗ್ಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಅವನ ಪರವಾಗಿ ಒಂದು ಬಾಯಿ ಸಿಗದಿದ್ದರೆ ಮುಗಿಯಿತು.

ಆ ಬಾಯಿ ಹುಡುಕಿಕೊಂಡೇ ನಾವು ಐನ್ ಲೌಜ್‌ಗೆ ಹೊರಟಿದ್ದೆವು. ಖಮೈಸ್ ಸತ್ತ ಊರು ಅದು. ನಾನು ಹುಟ್ಟಿದ ಊರೂ ಅದೇ.

“ಮಾಮ, ಅಲ್ಲಿ ಯಾರಾದ್ರೂ ನನ್ನ ಗುರುತು ಹಿಡಿದ್ರೆ?” ಸಾಲಿಹಾ ಮುಂದಕ್ಕೆ ಬಾಗಿ ಕೇಳಿದಳು.

“ನೀನು ಊರು ಬಿಟ್ಟಾಗ ನಿನ್ನ ಹಾಲುಹಲ್ಲೂ ಬಿದ್ದಿರಲಿಲ್ಲ. ಸುಮ್ನೆ ಕೂತ್ಕೊ. ಆಗಾಗ ಫೋಟೋ ತೆಗಿ, ಬಿಸಿಲು ಜಾಸ್ತಿ ಅನ್ನು. ಪ್ರವಾಸಿ ಅಂದ್ರೆ ಇನ್ನೇನು?”

ಅವಳು ನಗಲಿಲ್ಲ. ಈ ವಾರವಿಡೀ ಅವಳು ನಕ್ಕಿದ್ದನ್ನು ನಾನು ನೋಡಿಲ್ಲ.

* * *

ಐನ್ ಲೌಜ್‌ನಲ್ಲಿ ನನ್ನ ಪ್ರವಾಸಿಗಳಿಗೆ ಊಟ ಹಾಕುವವಳು ನನ್ನ ಅಕ್ಕ ಜಾಝಿಯಾ. ಮನೆಯ ಹಿಂದೆಯೇ ತೋಟಗಳು. ನಡುವೆ ಖರ್ಜೂರದ ಗರಿಯ ಬೇಲಿ, ಬೇಲಿಯಾಚೆ ಖಮೈಸನ ತೋಟ. ಊಟಕ್ಕೆ ಕೂತರೆ ಅವನು ಸತ್ತುಬಿದ್ದಿದ್ದ ಮರವೇ ಕಣ್ಣೆದುರು ಕಾಣುತ್ತದೆ.

ಈರುಳ್ಳಿ, ಮೆಣಸಿನಕಾಯಿ ತುಂಬಿದ ಬಿಸಿ ರೊಟ್ಟಿಯನ್ನು ಅಕ್ಕ ಮುದುಕನ ಮುಂದಿಟ್ಟಳು. ಅವನು ಒಂದು ಚೂರು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡ.

“ನಿನ್ನ ಗಿರಾಕಿ ಸಾಯ್ತಾನೆ ನೋಡೋ ಫರ್ಜಾನಿ,” ಅಂದಳು ಅಕ್ಕ. “ಮೊಸರು ಕೊಡು ಅವನಿಗೆ. ನೀನೂ ತಿನ್ನು. ಯಾಕೋ ಹೀಗೆ ಸೊರಗಿದೀಯ? ನಿನ್ನ ಹೆಂಡ್ತಿ ಹಿಟ್ಟು ಅಳೆದು ರೊಟ್ಟಿ ತಟ್ತಾಳಾ?”

“ಅವಳನ್ನ ಯಾಕೆ ಎಳೀತೀಯಕ್ಕ. ನಿದ್ದೆ ಇಲ್ಲ ಅಷ್ಟೆ.”

“ನಿವೃತ್ತಿ ಆದೋನಿಗೆ ಯಾಕೆ ನಿದ್ದೆ ಇಲ್ಲ?” ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಸಾಲಿಹಾಳನ್ನೇ ನೋಡುತ್ತಿದ್ದಳು. “ಈ ಹುಡುಗಿ ಎಲ್ಲಿಯವಳು? ರೊಟ್ಟಿ ಮುರಿಯೋದು ನೋಡಿದ್ರೆ ನಮ್ಮ ಕಡೆಯವಳ ಥರ ಇದೆ.”

“ರಾಜಧಾನಿಯವಳು.”

“ಇರಬಹುದು,” ಅಂದು ಅಕ್ಕ ಚಹಾ ಸುರಿದಳು. ದನಿ ತಗ್ಗಿಸಿ, “ಆ ಹುಡುಗ ನೂರಿಯನ್ನ ಬಿಟ್ರೇನೋ?” ಎಂದು ಕೇಳಿದಳು.

“ಇಲ್ಲ. ನಾಳೆ ಜಡ್ಜ್ ಮುಂದೆ.”

“ಬಿಡ್ತಾರೆ ಅಂದ್ಕೊಂಡಿದ್ದೆ.” ಚಹಾದ ಲೋಟವನ್ನು ಅವಳು ಎತ್ತಿ, ಕುಡಿಯದೆ ಕೆಳಗಿಟ್ಟಳು. “ಮಹ್ಬೂಬಾ ಬದುಕಿದ್ದಿದ್ರೆ ಎದೆ ಒಡ್ಕೊಳ್ತಿದ್ಲು. ಆ ಮರ ಅವಳೇ ನೆಟ್ಟಿದ್ದು ಗೊತ್ತಾ? ಮಗ ಅದಕ್ಕೇ ಬಂದು ಜಗಳ ಮಾಡಿದ್ದು. ಅವ್ವ ನೆಟ್ಟ ಮರಕ್ಕೆ ಯಾಕೆ ಕತ್ತಿ ಹಾಕ್ದೆ ಅಂತ ಮಾವನ ಮೇಲೆ ಕೂಗಾಡಿದ. ಊರಿಗೆ ಊರೇ ಕೇಳಿಸ್ಕೊಂಡಿತು.”

ಮಹ್ಬೂಬಾ ಅಂದರೆ ಸಾಲಿಹಾ, ನೂರಿಯರ ತಾಯಿ, ಖಮೈಸನ ತಂಗಿ. ನೀರಿನ ಬುಗ್ಗೆಯ ಹೊಂಡದಲ್ಲಿ ಕಾಲು ಜಾರಿ ಸತ್ತವಳು. ಅಕ್ಕನಿಗೆ ಅವಳು ಜೀವದ ಗೆಳತಿ. ಮಕ್ಕಳಿಬ್ಬರನ್ನು ತಂದೆಯ ಕಡೆಯವರು ಸ್ಫಾಕ್ಸ್‌ಗೆ ಕರೆದುಕೊಂಡು ಹೋದರು. ತಾಯಿಯ ಹೆಸರು ಕೇಳಿ ಸಾಲಿಹಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ನಾನು ಮೊಸರಿನ ಬಟ್ಟಲು ಅವಳತ್ತ ತಳ್ಳಿ, ತಿನ್ನು ಎಂದು ಕಣ್ಣಿನಲ್ಲೇ ಹೇಳಿದೆ.

“ಆ ಸಂಜೆ ನೀನು ಎಲ್ಲಿದ್ದೆ ಅಕ್ಕ?”

“ಇನ್ನೆಲ್ಲಿ? ಮರ ಹತ್ತೋ ಕೂಗು ಕೇಳಿಸ್ತು. ಎಲ್ಲರ ಹಾಗೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ.”

ನಮ್ಮಲ್ಲಿ ಮರ ಹತ್ತುವವನು ಸುಮ್ಮನೆ ಹತ್ತುವಂತಿಲ್ಲ. ಮೇಲಿನಿಂದ ಸುತ್ತಲಿನ ಮನೆಗಳ ಅಂಗಳವೆಲ್ಲ ಕಾಣುತ್ತದೆ. ಆದ್ದರಿಂದ ಕಾಂಡಕ್ಕೆ ಕಾಲಿಡುವ ಮೊದಲು ‘ಹೋ, ಮೇಲೆ ಮನುಷ್ಯ ಇದ್ದಾನೆ’ ಎಂದು ಕೂಗಬೇಕು. ಹೆಂಗಸರು ಒಳಗೆ ಹೋಗುತ್ತಾರೆ. ಯಾರಾದರೂ ಹೊರಗೇ ಉಳಿದರೆ ಹತ್ತಿದವನು ಮುಖ ತಿರುಗಿಸಬೇಕು. ಖಮೈಸ್ ಸತ್ತ ಸಂಜೆ ಆ ಕೂಗನ್ನು ಇಡೀ ಕೇರಿ ಕೇಳಿತ್ತು. ಅವನು ಹತ್ತಿದ, ಇಳಿದ, ಇಳಿಯುತ್ತಲೇ ನೂರಿ ಅವನ ತಲೆಗೆ ಕಲ್ಲು ಹಾಕಿದ, ಆಮೇಲೆ ಕೊನೆಯ ವ್ಯಾನು ಹಿಡಿದು ಓಡಿದ. ಪೊಲೀಸರ ಕಥೆ ಇದು.

“ಪಾಪಿ, ಸಾಯೋ ದಿನವೂ ಕೆಲಸ ಬಿಡಲಿಲ್ಲ,” ಅಂದಳು ಅಕ್ಕ. “ಬೆಳಿಗ್ಗೆ ಹೆಣ ಎತ್ಕೊಂಡು ಹೋದ ಮೇಲೆ ಮಡಕೆ ಇಳಿಸಿದ್ರು. ಕಂಠದವರೆಗೆ ತುಂಬಿತ್ತು ಕಣೋ. ಲಗ್ಮಿ ಎಷ್ಟು ಘಮ್ಮಂತಿತ್ತು ಅಂದ್ರೆ! ಆದ್ರೆ ಕುಡಿಯೋಕೆ ಯಾರಿಗೂ ಮನಸ್ಸು ಬರಲಿಲ್ಲ. ಅದೇ ಮರದ ಬುಡಕ್ಕೆ ಸುರಿದುಬಿಟ್ಟರು.”

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗುತ್ತಿತ್ತು.

ಲಗ್ಮಿ ಎಂದರೆ ಖರ್ಜೂರದ ಮರದ ನೀರಾ. ಮರದ ಸುಳಿಯಲ್ಲಿ ಗಾಯ ಮಾಡಿ ಮಡಕೆ ಕಟ್ಟುತ್ತಾರೆ. ಆ ಗಾಯವನ್ನು ಬೆಳಿಗ್ಗೆಯೂ ಸಂಜೆಯೂ ತೆಳ್ಳಗೆ ಕೆತ್ತುತ್ತಿರಬೇಕು. ಒಂದು ಹೊತ್ತು ಕೆತ್ತದಿದ್ದರೂ ಗಾಯ ಒಣಗಿ ನೀರಾ ನಿಲ್ಲುತ್ತದೆ. ಮಡಕೆ ತುಂಬಿತ್ತು ಅಂದರೆ ಸಂಜೆ ಯಾರೋ ಮೇಲೆ ಹತ್ತಿ ಕೆತ್ತಿದ್ದಾರೆ.

ಕೆತ್ತಿದರೆ ಕತ್ತಿ ಅಂಟಂಟಾಗುತ್ತದೆ, ಇರುವೆ ಮುತ್ತುತ್ತದೆ. ಕಳೆದ ವಾರ, ನಾನು ಮೊದಲು ಕೆಲಸ ಮಾಡುತ್ತಿದ್ದ ಗಫ್ಸಾ ಠಾಣೆಯ ಕಪಾಟಿನಲ್ಲಿ ನೋಡಿದ ಖಮೈಸನ ಕತ್ತಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿತ್ತು, ನೀರಾದ ಅಂಟಿಲ್ಲದೆ ಒಣಗಿತ್ತು. ಹೆಣದ ಸೊಂಟದಲ್ಲಿ ಹಾಗೇ ಸಿಕ್ಕಿತಂತೆ. ಅವತ್ತು ಸಂಜೆ ಅವನು ಆ ಬಟ್ಟೆಯನ್ನು ಬಿಚ್ಚಿಯೇ ಇರಲಿಲ್ಲ.

ಅಂದರೆ ಆ ಸಂಜೆ ಮರದ ಮೇಲಿದ್ದವನು ಖಮೈಸ್ ಅಲ್ಲ.

* * *

ಬೆಲ್ಜಿಯಂನ ದಂಪತಿ ಜಲ್ದರುವಿನ ಗಿಡದ ನೆರಳಲ್ಲಿ ಚಾಪೆ ಹಾಸಿಕೊಂಡು ನಿದ್ದೆ ಹೋದರು. ಸಾಲಿಹಾಳನ್ನು ಅವರ ಪಕ್ಕ ಕೂರಿಸಿ ನಾನು ಕಾಲುವೆಗುಂಟ ತೋಟದೊಳಕ್ಕೆ ನಡೆದೆ. ಮಂಡಿ ನೋಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆ ಚಾಪೆಯ ಮೇಲೆ ಬಿದ್ದುಕೊಳ್ಳುವ ಆಸೆಯಿತ್ತು.

ಮೊಲ್ದಿ ಒಂದು ಹೆಣ್ಣು ಮರದ ಬುಡದಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಪ್ರವಾಸಿಗಳೆದುರು ಬರಿಗಾಲಲ್ಲಿ ಮರ ಹತ್ತಿ ತೋರಿಸುವವನು ಅವನೇ. ಖಮೈಸನ ಹೆಣವನ್ನು ಮೊದಲು ಕಂಡು ಊರು ಎಬ್ಬಿಸಿದವನೂ ಅವನೇ.

“ಏನಣ್ಣ, ನಿನ್ನ ಮುದುಕರು ಎದ್ದರಾ? ಹತ್ತಿ ತೋರಿಸ್ಲಾ?”

“ಅವರು ಮಲಗಿರ್ಲಿ. ಆ ಸಂಜೆ ಖಮೈಸನ ಮರ ಹತ್ತಿದ್ದು ನೀನು, ಅಲ್ವಾ?”

ಕತ್ತಿ ಕಲ್ಲಿನ ಮೇಲೆ ನಿಂತಿತು. “ನಾನ್ಯಾಕೆ ಹತ್ತಲಿ? ಅವನ ಮರ ಅವನೇ ಕೆತ್ತಿದ.”

“ಯಾತರಿಂದ? ಉಗುರಿಂದಲಾ? ಅವನ ಕತ್ತಿ ಬಟ್ಟೆಯೊಳಗೇ ಇತ್ತು.”

ಮೊಲ್ದಿ ಕತ್ತಿಯ ಅಲಗನ್ನು ಹೆಬ್ಬೆರಳಿನಿಂದ ಒರೆಸಿದ.

“ಸುಳಿ ಕೆತ್ತೋಕೆ ಬರೋರು ಈ ಊರಲ್ಲಿ ಮೂರೇ ಜನ,” ಅಂದೆ. “ಒಬ್ಬ ಮಣ್ಣಲ್ಲಿದಾನೆ. ಇನ್ನೊಬ್ಬ ಸೊಂಟ ಮುರ್ಕೊಂಡು ಹಾಸಿಗೇಲಿದಾನೆ. ಉಳಿದೋನು ನೀನು.”

“ಹಾಗಾದ್ರೆ ನಾನೇ ಕೊಂದೆ ಅಂತೀಯಾ?” ಅವನು ಥಟ್ಟನೆ ಎದ್ದುನಿಂತ. ಕೈಯಲ್ಲಿ ಕತ್ತಿ ಹಾಗೇ ಇತ್ತು. “ಪೊಲೀಸ್ ಬುದ್ಧಿ ಬಿಡಲಿಲ್ಲ ನೋಡು ನಿನ್ನನ್ನ!”

“ಕೂತ್ಕೊಳೋ ಮಾರಾಯ. ಕತ್ತಿ ಕೆಳಗಿಡು. ಕೊಂದೋನು ಕೊಂದ ಮೇಲೆ ಮರ ಹತ್ತಿ ನಿಧಾನಕ್ಕೆ ಸುಳಿ ಕೆತ್ತುತ್ತಾ ಕೂರ್ತಾನಾ? ಊರಿಗೆಲ್ಲ ಕೇಳೋ ಹಾಗೆ ಕೂಗು ಹಾಕಿ ಬೇರೆ ಹತ್ತುತ್ತಾನಾ? ನೀನು ಮೇಲಿದ್ದಾಗ ಕೆಳಗೆ ಅವನ ಕಥೆ ಮುಗೀತು. ನೀನು ನೋಡಿದೀಯ. ನೋಡಿ ಬಾಯಿ ಹೊಲ್ಕೊಂಡು ಕೂತಿದೀಯ.”

ಅವನು ಕೂತ. ಕೂತದ್ದಲ್ಲ, ಕುಸಿದ. ಎಷ್ಟೋ ದಿನದಿಂದ ಹೊತ್ತಿದ್ದನ್ನು ಇಳಿಸಲು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದವನ ಹಾಗಿತ್ತು ಅವನ ಮುಖ.

“ಅವನೇ ಕರೆದ ಅಣ್ಣ,” ಅಂದ. “ಜಗಳ ಆಡಿ ನಡುಗ್ತಿದ್ದ. ಇವತ್ತು ಕಾಲು ನಿಲ್ತಿಲ್ಲ, ನೀನು ಹತ್ತು, ಗಾಯ ಒಣಗಿಬಿಡುತ್ತೆ ಅಂದ. ಕೂಗು ಹಾಕಿ ಹತ್ತಿದೆ.”

“ನೂರಿ ಎಲ್ಲಿದ್ದ?”

“ರಸ್ತೇಲಿ. ವ್ಯಾನಿಗೆ ಕಾಯ್ತಾ ನಿಂತಿದ್ದ. ಮೇಲಿಂದ ಸರಿಯಾಗಿ ಕಾಣುತ್ತೆ. ಬ್ಯಾಗನ್ನ ಕಾಲಡಿ ಇಟ್ಕೊಂಡು ಸಿಗರೇಟು ಸೇದ್ತಿದ್ದ. ವ್ಯಾನು ಬಂತು, ಹತ್ತಿದ, ಹೋದ. ಆಗ ಖಮೈಸ್ ಕೆಳಗೆ ಕೂತು ಅವನನ್ನ ಬೈತಾನೇ ಇದ್ದ. ಜೀವಂತ ಇದ್ದ.”

ಸಿಕ್ಕಿತು. ಒಂದು ವಾರ ನಿದ್ದೆಗೆಟ್ಟು ಹುಡುಕಿದ ಮಾತು ಇಷ್ಟು ಸಲೀಸಾಗಿ ಅವನ ಬಾಯಿಂದ ಬಂದುಬಿಟ್ಟಿತು. ಖುಷಿಯಾಗಬೇಕಿತ್ತು. ಆಗಿದ್ದು ಸಿಟ್ಟು.

“ಇಷ್ಟು ಗೊತ್ತಿದ್ದೂ ಆ ಹುಡುಗನ್ನ ಕೊಳೆಯೋಕೆ ಬಿಟ್ಯಲ್ಲೋ! ರಸ್ತೇಲಿ ನಿಂತಿದ್ದ ಅಂತ ಹೇಳೋಕೆ ಏನಾಗಿತ್ತು ನಿನಗೆ?”

“ಎಲ್ಲಿಂದ ನೋಡ್ದೆ ಅಂತ ಕೇಳಲ್ವಾ? ಮರದ ಮೇಲಿಂದ ಅಂದ್ರೆ, ಇನ್ನೇನು ನೋಡ್ದೆ ಅಂತ ಕೇಳಲ್ವಾ?”

“ಇನ್ನೇನು ನೋಡಿದೆ?”

ಅವನು ಬೇಲಿಯ ಕಡೆ ಕಣ್ಣು ಹಾಯಿಸಿ ತಕ್ಷಣ ತೆಗೆದ. “ಒಬ್ಬ ಹೆಂಗಸು ಬಂದಳು. ಖಮೈಸ್ ಏನೋ ಹೇಳಿದ. ಅವಳು ಏನೋ ಕೇಳಿದಳು. ನಾನು ಮುಖ ತಿರುಗಿಸಿದೆ. ಇನ್ನೇನು ಮಾಡ್ಲಿ? ಕೂಗು ಹಾಕಿದ ಮೇಲೂ ಹೆಂಗಸು ಎದುರಿಗೆ ಬಂದ್ರೆ ನಾವು ತಿರುಗಬೇಕು, ಚಿಕ್ಕಂದಿನಿಂದ ಹಾಗೇ ಕಲಿಸಿದಾರೆ. ಸುಳಿ ನೋಡ್ತಾ ಕೆತ್ತುತ್ತಾ ಇದ್ದೆ. ಧಡ್ ಅಂತ ಸದ್ದಾಯ್ತು. ಇಳಿದು ನೋಡಿದ್ರೆ ಅವನು ಬಿದ್ದಿದ್ದ. ಉಸಿರಿರಲಿಲ್ಲ. ಅವಳಿರಲಿಲ್ಲ. ಹೆದರಿ ಓಡಿಹೋದೆ. ಬೆಳಿಗ್ಗೆ ಬಂದು ಆಗ ತಾನೇ ಕಂಡವನ ಹಾಗೆ ಊರು ಎಬ್ಬಿಸಿದೆ.”

“ಅದನ್ನೇ ಹೇಳಬೇಕಿತ್ತು.”

“ಹೇಳಿ?” ಮೊಲ್ದಿಯ ದನಿ ಏರಿತು. “ಮೊಲ್ದಿ ಮೇಲಿಂದ ಹೆಂಗಸರನ್ನ ನೋಡ್ತಾನೆ, ನೋಡಿ ಹೆಸರೂ ಹೇಳ್ತಾನೆ ಅಂತಾದ್ರೆ ನಾಳೆಯಿಂದ ಯಾರು ನನ್ನನ್ನ ತೋಟಕ್ಕೆ ಬಿಡ್ತಾರೆ? ನನ್ನ ಮಕ್ಕಳಿಗೆ ಯಾರು ಹೆಣ್ಣು ಕೊಡ್ತಾರೆ? ನೀನು ಜೀಪು ಹತ್ತಿ ತೊಝರ್‌ಗೆ ಹೋಗ್ತೀಯ. ನಾನು ಇಲ್ಲೇ ಇರಬೇಕು.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಜಲ್ದರು ಗಿಡದ ಕೆಳಗೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ನನಗೆ ಅಲ್ಲಿಂದಲೇ ಕಾಣುತ್ತಿದ್ದಳು.

“ಅದೋ ನೋಡು,” ಅಂದೆ. “ಅವಳು ಪ್ರವಾಸಿ ಅಲ್ಲ. ಮಹ್ಬೂಬಾಳ ಮಗಳು. ನೂರಿಯ ಅಕ್ಕ.”

ಮೊಲ್ದಿ ನೋಡಿದ. ಅಭ್ಯಾಸಬಲದಿಂದ ಮುಖ ತಿರುಗಿಸಿ, ಮತ್ತೆ ನೋಡಿದ.

“ನಾಳೆ ನನ್ನ ಜೊತೆ ಗಫ್ಸಾಕ್ಕೆ ಬರ್ತೀಯ,” ಅಂದೆ. “ನೂರಿಯನ್ನ ರಸ್ತೇಲಿ ನೋಡಿದ್ದು ಹೇಳ್ತೀಯ. ಆ ಹೆಂಗಸಿನ ಹೆಸರನ್ನೂ ಹೇಳ್ತೀಯ. ಊರಿನವರ ಹತ್ತಿರ ನಾನು ಮಾತಾಡ್ತೀನಿ.”

“ಅವಳು ಯಾರೇ ಆಗಿದ್ರೂ?”

“ಯಾರೇ ಆಗಿದ್ರೂ.”

“ಆಣೆ ಮಾಡು.”

“ಆಣೆ ಕಣೋ. ಯಾರು ಹೇಳು.”

ಮೊಲ್ದಿ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ.

“ಇವತ್ತು ಮಧ್ಯಾಹ್ನ ಯಾರ ಕೈಯಡುಗೆ ಉಂಡೆ ಅಣ್ಣ?”

* * *

ನಮ್ಮವ್ವ ಸತ್ತಾಗ ನಾನಿನ್ನೂ ತೊದಲು ಮಾತಿನವನು. ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀರು ತಂದಳು, ಹಿಟ್ಟು ನಾದಿದಳು, ಮೇಕೆ ಮೇಯಿಸಿದಳು. ನನ್ನನ್ನು ಶಾಲೆಗೆ ಕಳಿಸುವುದಕ್ಕೋಸ್ಕರ ತಾನು ಹೋಗಲಿಲ್ಲ. ಪೊಲೀಸ್ ಸಮವಸ್ತ್ರ ಹಾಕಿಕೊಂಡು ಮೊದಲ ಸಲ ಊರಿಗೆ ಬಂದಾಗ ಕೇರಿಯ ಎಲ್ಲ ಮನೆಗೂ ನನ್ನ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದವಳು ಅವಳು.

ತೋಟದಿಂದ ಅವಳ ಮನೆಗೆ ಬಹಳ ದೂರವೇನಿಲ್ಲ. ಆ ದಾರಿ ನನಗೆ ಸವೆಯಲೇ ಇಲ್ಲ. ಎಲ್ಲಾದರೂ ಒಂದು ಕಡೆ ಕೂತು ಅತ್ತುಬಿಡಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಅದೊಂದು ಬಾಕಿ.

ಸಾಲಿಹಾ ಜೀಪಿನ ಹತ್ತಿರ ನಿಂತಿದ್ದಳು. ಮುದುಕರು ಎದ್ದು ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಅಕ್ಕ ಬಾಗಿಲಲ್ಲಿದ್ದಳು.

“ಮಾಮ, ಅವನು ಹೇಳಿದನಾ?”

“ಹೇಳಿದ.”

“ನೂರಿ ಅಲ್ಲ ತಾನೆ?”

“ಅಲ್ಲ. ಅವನು ರಸ್ತೇಲಿದ್ದ. ಮೊಲ್ದಿ ಮರದ ಮೇಲಿಂದ ನೋಡಿದಾನೆ. ನಾಳೆ ಬಂದು ಹೇಳ್ತಾನೆ.”

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಳುತ್ತಾ ನಗುತ್ತಾ, ನಾನು ತಡೆಯುವಷ್ಟರಲ್ಲಿ ಓಡಿಹೋಗಿ, ಎದುರಿಗೆ ಸಿಕ್ಕ ಅಕ್ಕನನ್ನು ತಬ್ಬಿಕೊಂಡುಬಿಟ್ಟಳು.

“ದೊಡ್ಡಮ್ಮ, ನಾನು ಮಹ್ಬೂಬಾಳ ಮಗಳು! ಸುಳ್ಳು ಹೇಳಿ ನಿಮ್ಮನೇಲಿ ಉಂಡೆ, ತಪ್ಪು ತಿಳ್ಕೋಬೇಡಿ. ನನ್ನ ತಮ್ಮ ಉಳಿದ ದೊಡ್ಡಮ್ಮ! ಆ ಸಂಜೆ ಮೊಲ್ದಿ ಮರದ ಮೇಲಿದ್ದನಂತೆ. ಎಲ್ಲಾ ನೋಡಿದಾನಂತೆ!”

ಅಕ್ಕ ಅವಳ ಬೆನ್ನು ಸವರಿದಳು. ಸವರುತ್ತಲೇ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

“ಒಳ್ಳೇದಾಯ್ತು ಮಗಳೇ,” ಅಂದಳು. “ಹೋಗು, ಹತ್ಕೊ.”

ಅಕ್ಕ ಒಳಗೆ ಹೋದಳು. ಒಲೆಗೆ ನೀರು ಸುರಿದ ಸದ್ದು ಕೇಳಿಸಿತು. ತಲೆಗೆ ಹೊದೆಯುವ ಬಿಳಿ ಬಟ್ಟೆ ಹಾಕಿಕೊಂಡು ಹೊರಬಂದಳು, ಬಾಗಿಲಿಗೆ ಬೀಗ ಹಾಕಿದಳು, ಜೀಪಿನ ಮುಂದಿನ ಸೀಟು ಹತ್ತಿ ನನ್ನ ಪಕ್ಕ ಕೂತಳು. ಹಿಂದೆ ಸಾಲಿಹಾ ಮುದುಕಿಯ ಕೈ ಹಿಡಿದುಕೊಂಡು, ಆಕೆಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ತಮ್ಮನ ಬಗ್ಗೆ ಹೇಳುತ್ತಾ ನಗುತ್ತಿದ್ದಳು.

“ಎಲ್ಲಿಗೆ ಅಕ್ಕ?” ಕೇಳಿದೆ.

“ನಾಳೆ ನೀನು ನನ್ನನ್ನ ಕರ್ಕೊಂಡು ಹೋಗಬೇಕಾದ ಕಡೆಗೆ. ಇವತ್ತೇ ಹೋಗೋಣ. ದಿನಾ ಬೆಳಿಗ್ಗೆ ಎದ್ದು, ಇವತ್ತು ಹೇಳಿಬಿಡ್ತೀನಿ ಅಂದ್ಕೊಳ್ತಿದ್ದೆ ಕಣೋ. ಆಗಲಿಲ್ಲ. ಸಾಕಾಗಿದೆ ನನಗೆ.”

“ಯಾಕಕ್ಕ? ಅವನು ಏನು ಮಾಡಿದ್ದ ನಿನಗೆ?”

“ಮೆಲ್ಲಗೆ ಮಾತಾಡು.” ಅವಳು ಕನ್ನಡಿಯಲ್ಲಿ ಹಿಂದಿನ ಹುಡುಗಿಯನ್ನು ನೋಡಿದಳು. “ನನಗಲ್ಲ. ಆ ಸಂಜೆ ಅವನು ನೂರಿಯನ್ನ ಬೈತಾ ಬೈತಾ ಒಂದು ಮಾತು ಅಂದುಬಿಟ್ಟ. ನಾನು ಬೇಲಿ ಪಕ್ಕ ಇದ್ದೆ. ಮರ ಹತ್ತೋ ಕೂಗು ಬಿದ್ದಿತ್ತು, ಆದ್ರೂ ಒಳಗೆ ಹೋಗೋಕೆ ಕಾಲು ಬರಲಿಲ್ಲ. ಹೋಗಿ ಕೇಳಿದೆ, ಏನಂದೆ ಖಮೈಸ್, ಇನ್ನೊಂದ್ಸಲ ಅನ್ನು ಅಂತ. ಅಂದ.”

“ಏನಂದ?”

ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು.

“ಇವಳವ್ವ ಹೊಂಡದಲ್ಲಿ ಕಾಲು ಜಾರಿ ಬೀಳಲಿಲ್ಲ ತಮ್ಮಾ. ಅವಳ ಅಣ್ಣನೇ ತಳ್ಳಿದ. ಮತ್ತೆ ಆವತ್ತು ಅವನ ಜೊತೆ ಇನ್ನೊಬ್ಬನಿದ್ದ. ಅವನು ನಿಮ್ಮ ಠಾಣೇಲಿ ಈಗಲೂ ಕೆಲಸದಲ್ಲಿದಾನೆ.”